ಪದ ಪ್ರಶ್ನೆ: ಈ ‘ಕೋತಿ’ ಮರ ಹತ್ತುವುದಲ್ಲ

ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವಾಗ ಇಬ್ಬರು ನಗುನಗುತ್ತಾ ಒಬ್ಬರನ್ನೊಬ್ಬರು ‘ಕೋತಿ’ ಎಂದು ಕರೆದುಕೊಳ್ಳುತ್ತಿದ್ದರು. ‘ಪಂತಿ’, ‘ಡಬಲ್ ಡೆಕ್ಕರ್’ ಅನ್ನುವುದೂ ಕಿವಿಗೆ ಬಿತ್ತು. ಇವು ಬೈಗುಳವೇ? ನಾವು ಬಳಸಬಹುದೇ?
– ಓದುಗರು, ಶ್ರೀರಾಮಪುರ

ಬೈಗುಳವಲ್ಲ, ಒಳಮಾತು. ಗಂಡಾಗಿ ಹುಟ್ಟಿ, ನಡೆನುಡಿಯಲ್ಲಿ ಹೆಣ್ತನವನ್ನು ತನ್ನದೆಂದುಕೊಂಡು, ಗಂಡಸರತ್ತ ಒಲವಿರುವವರು ತಮ್ಮನ್ನು ಕೋತಿ ಎಂದುಕೊಳ್ಳುತ್ತಾರೆ. ಸೀರೆಯುಟ್ಟು ಓಡಾಡುವವರು ‘ಸತ್ಲಾ ಕೋತಿ’. ಕೋತಿಯ ಕಣ್ಣಿಗೆ ಬೀಳುವ ಗಂಡಸು ಪಂತಿ. ಇಲ್ಲೊಂದು ಸೂಕ್ಷ್ಮ: ಪಂತಿ ಎಂಬುದು ಅವನಿಗೆ ಇವರು ಇಟ್ಟ ಹೆಸರು. ಹೆಂಡತಿ ಮಕ್ಕಳೂ ಇರಬಹುದಾದ ಆತನಿಗೆ ಆ ಪದವೇ ಗೊತ್ತಿರಲಿಕ್ಕಿಲ್ಲ. ಹಾಸಿಗೆಯಲ್ಲಿ ಕೋತಿ, ಪಂತಿ ಎರಡೂ ಪಾತ್ರ ವಹಿಸುವವರು ಡಬಲ್ ಡೆಕ್ಕರ್. ಕೋತಿಗಳ ಬಾಯಲ್ಲಿ ಇದಕ್ಕೆ ಕೊಂಚ ಗೇಲಿಯೂ ಅಂಟಿಕೊಂಡಿದೆ.

ಹಿಜ್ರಾ ಸಮುದಾಯದ ‘ನಿರ್ವಾಣ’ಕ್ಕೆ ಮೋಕ್ಷದ ಅರ್ಥ ಹಚ್ಚಬೇಡಿ. ಗಂಡಸಿನ ಅಂಗ ತೆಗೆಸಿಕೊಳ್ಳುವುದಕ್ಕೆ ಹಾಗೆನ್ನುತ್ತಾರೆ, ಮಾಡಿಸಿಕೊಳ್ಳದವರು ‘ಅಕ್ವಾ’. ಪದ ಕಲಿತ ಹುಮ್ಮಸ್ಸಿನಲ್ಲಿ “ನಿಮ್ಮದು ನಿರ್ವಾಣ ಆಯ್ತಾ?” ಎಂದು ಕೇಳಿಬಿಟ್ಟೀರಿ! ಪಕ್ಕದ ಮನೆಯವರನ್ನು ಅವರ ಗುಪ್ತಾಂಗದ ಬಗ್ಗೆ ವಿಚಾರಿಸಿದಂತೆಯೇ ಅದು.

ಅರ್ಥ ತಿಳಿದಿರಲಿ, ನೀವಾಗಿ ಬಳಸಬೇಡಿ. ಅವರವರಲ್ಲಿ ಸಲಿಗೆಯಾದದ್ದು ಹೊರಗಿನವರ ಬಾಯಲ್ಲಿ ಅಣಕವಾಗುತ್ತದೆ. ಚಕ್ಕಾ, ಒಂಬತ್ತು, ಖೋಜಾ ಇವಂತೂ ಬೀದಿಯ ಬೈಗುಳಗಳೇ. ‘ಮಂಗಳಮುಖಿ’ ಗೌರವದ ಮಾತು, ಆದರೆ ಹರಸುವ, ದೃಷ್ಟಿ ತೆಗೆಯುವ ಪಾತ್ರಕ್ಕೆ ಕಟ್ಟಿಹಾಕುತ್ತದೆಂದು ಒಪ್ಪದವರೂ ಇದ್ದಾರೆ. ‘ಜೋಗಪ್ಪ’ ಬೇರೆಯೇ: ಎಲ್ಲಮ್ಮ ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಆಕೆಯ ಸೇವೆಗೆ ನಿಂತವರು. ಸೀರೆ ಕಂಡ ಮಾತ್ರಕ್ಕೆ ಎಲ್ಲರನ್ನೂ ಹಾಗೆ ಕರೆಯಲಾಗದು. ಸರ್ಕಾರಿ ಕಡತದ ‘ಲಿಂಗತ್ವ ಅಲ್ಪಸಂಖ್ಯಾತರು’ ಗುಂಪಿಗೆ ಹೊಂದುತ್ತದೆ. ಒಬ್ಬರ ಬಗ್ಗೆ ಹೇಳುವಾಗ, ತಮ್ಮನ್ನು ಹೆಣ್ಣೆಂದುಕೊಳ್ಳುವವರಿಗೆ ಟ್ರಾನ್ಸ್ ಮಹಿಳೆ, ಗಂಡೆಂದುಕೊಳ್ಳುವವರಿಗೆ ಟ್ರಾನ್ಸ್ ಪುರುಷ ಎನ್ನಿ. ಎಲ್ಲಕ್ಕಿಂತ ಸುಲಭ, ಹೆಸರು ಕೇಳಿ ಹೆಸರು ಹಿಡಿದು ಕರೆಯುವುದು.

ಅನುವಾದ ಮಾಡುತ್ತೇನೆ. ಗೇ ಎನ್ನಲು ‘ಸಲಿಂಗಕಾಮಿ’, ಬೈಸೆಕ್ಷುವಲ್ ಎನ್ನಲು ‘ದ್ವಿಲಿಂಗಿ’ ಸರಿಯೇ?
– ಓದುಗರು, ಬಸವನಗುಡಿ

ಮೊದಲನೆಯದು ನಿಘಂಟಿನ ಪ್ರಕಾರ ಸರಿ, ಕಿವಿಗೆ ಕಹಿ. ಗಂಡು ಹೆಣ್ಣನ್ನು ಮೆಚ್ಚಿದರೆ ಪ್ರೇಮಿ, ಗಂಡು ಗಂಡನ್ನು ಮೆಚ್ಚಿದರೆ ಕಾಮಿ! ‘ಸಲಿಂಗಪ್ರೇಮಿ’ ಅಥವಾ ‘ಸಲಿಂಗಿ’ ಬಳಸಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಬಗ್ಗೆ ಕೊಟ್ಟ ತೀರ್ಪನ್ನು ಅನುವಾದಿಸುವಾಗಲೂ ಅಷ್ಟೆ: ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂಬುದು ಅದರ ತಿರುಳು. ಅಲ್ಲಿ ‘ಸಮ್ಮತಿ’ ಬಿಟ್ಟುಹೋದರೆ ತೀರ್ಪೇ ತಪ್ಪಾಗುತ್ತದೆ.

ಎರಡನೆಯದರಲ್ಲಿ ನಿಜವಾದ ಗೊಂದಲವಿದೆ. ಶಾಲೆಯ ಜೀವಶಾಸ್ತ್ರದಲ್ಲಿ ದಾಸವಾಳ ‘ದ್ವಿಲಿಂಗಿ’ ಹೂ, ಏಕೆಂದರೆ ಕೇಸರ, ಶಲಾಕೆ ಎರಡೂ ಒಂದೇ ಹೂವಿನಲ್ಲಿವೆ. ಹೀಗಾಗಿ ಓದುಗರಿಗೆ ಹೊಳೆಯುವುದು ದೇಹ, ಒಲವಲ್ಲ. ‘ಗಂಡು ಹೆಣ್ಣು ಇಬ್ಬರತ್ತಲೂ ಒಲವಿರುವವರು’ ಎಂದು ಬಿಡಿಸಿಯೇ ಬರೆಯಿರಿ. ಜಾಗ ಕಡಿಮೆಯಿದ್ದರೆ ಬೈಸೆಕ್ಷುವಲ್ ಎಂದೇ ಇರಲಿ. ಹುಟ್ಟಿನಿಂದಲೇ ದೇಹದ ಲಿಂಗಲಕ್ಷಣಗಳು ಭಿನ್ನವಾಗಿರುವವರು ಅಂತರಲಿಂಗಿಗಳು. ‘ನಪುಂಸಕ’ ವ್ಯಾಕರಣ ಪುಸ್ತಕದಲ್ಲೇ ಉಳಿಯಲಿ.

ಅವನು ಎನ್ನಬೇಕೋ ಅವಳು ಎನ್ನಬೇಕೋ ತಿಳಿಯದಿದ್ದರೆ?
– ಓದುಗರು, ಯಶವಂತಪುರ

ಇಂಗ್ಲಿಷಿನವರಿಗಿರುವ ಪೇಚಾಟ ನಮಗಿಲ್ಲ. ‘ಅವರು ಬಂದ್ರು’ ಅಂದರೆ ಮುಗಿಯಿತು, ಗೌರವವೂ ಸಿಕ್ಕಿತು. ಎಡವುವುದು ಕ್ರಿಯಾಪದದ ಬಾಲದಲ್ಲಿ. ಬಾಯಲ್ಲಿ ‘ಅವರು’ ಅಂದವರೇ ಅತ್ತ ತಿರುಗಿದ ಮೇಲೆ “ಏನೋ ಕೇಳ್ತಾ ಇತ್ತು, ಹೋಯ್ತು” ಎನ್ನುತ್ತಾರೆ. ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೂ ‘ಅದು’ ಉಂಟು, ಅಲ್ಲಿ ಯಾರಿಗೂ ನೋವಿಲ್ಲ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಆ ‘ಇತ್ತು’ ಮನುಷ್ಯರನ್ನು ವಸ್ತುವಾಗಿಸುತ್ತದೆ.