ಅಪ್ಪಾಜಿ ಏಣಿ ಹತ್ತುವ ಮುಂಚೆ

ಪ್ರಶ್ನೆ: ನಮ್ಮದು ಮಹಡಿ ಮನೆ. ಸೋಲಾರ್ ಹೀಟರ್ ಇರುವುದು ತಾರಸಿಯ ಮೆಟ್ಟಿಲು ರೂಮಿನ ನೆತ್ತಿಯ ಮೇಲೆ, ಏಣಿ ಹಾಕಿಯೇ ಹತ್ತಬೇಕು. ಬೋರ್ ನೀರಿಗೆ ಟ್ಯೂಬ್ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ಅಪ್ಪಾಜಿಗೆ ಈಗ 66, ಆದರೂ ವರ್ಷಕ್ಕೊಮ್ಮೆ ತಾವೇ ಹತ್ತಿ ತೊಳೆಯುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಮೊದಲು, ಅವರ ಜೊತೆ ಜಗಳ ಆಡಬೇಡಿ. ಮನೆ ಕೆಲಸ ತಾವೇ ಮಾಡಿ ರೂಢಿಯಾದವರಿಗೆ "ನಿಮ್ಮ ಕೈಲಿ ಆಗಲ್ಲ" ಅಂದರೆ ಹಠ ಜಾಸ್ತಿಯಾಗುತ್ತದೆ. ನಮ್ಮ ಚಿಕ್ಕಪ್ಪನೂ ಹೀಗೇ ಇದ್ದರು. ಬಿದ್ದದ್ದು ಒಂಬತ್ತು ಅಡಿಯಿಂದ ಅಷ್ಟೇ. ಸೊಂಟದ ಮೂಳೆ ಮುರಿದು ಆರು ತಿಂಗಳು ಹಾಸಿಗೆ ಹಿಡಿದರು. ಏಣಿ ಗಟ್ಟಿಯಾಗಿಯೇ ಇತ್ತು. ಟ್ಯೂಬ್ ಎಳೆದ ಕೂಡಲೇ ಒಳಗಿದ್ದ ಬಿಸಿನೀರು ಮೊಣಕೈವರೆಗೂ ಸುರಿಯಿತು, ಬೆಚ್ಚಿ ಕೈ ಬಿಟ್ಟರು.

ಟ್ಯಾಂಕ್ ಖಾಲಿ ಮಾಡಿದ್ದೇನಲ್ಲ ಅಂತ ಅವರು ಧೈರ್ಯವಾಗಿದ್ದರು. ಆದರೆ ಟ್ಯೂಬ್‌ಗಳು ಟ್ಯಾಂಕಿಗಿಂತ ಕೆಳಗೆ ಓರೆಯಾಗಿ ಇರುತ್ತವೆ, ಕೆಳತುದಿ ಮುಚ್ಚಿರುತ್ತದೆ, ಹಾಗಾಗಿ ನಲ್ಲಿ ಬಿಟ್ಟು ಟ್ಯಾಂಕ್ ಬರಿದು ಮಾಡಿದರೂ ಟ್ಯೂಬಿನ ನೀರು ಅಲ್ಲೇ ನಿಂತಿರುತ್ತದೆ. ಅದಕ್ಕೇ ಹಿಂದಿನ ರಾತ್ರಿ ಬಿಸಿನೀರನ್ನೆಲ್ಲ ಬಳಸಿಬಿಡಿ, ತಣ್ಣೀರು ತುಂಬಿಕೊಳ್ಳಲಿ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಕೆಲಸ ಶುರು ಮಾಡಿ. ಆಗಲೂ ನೀರು ಬಿಸಿ ಇದೆ ಅಂದುಕೊಂಡೇ ಕೈ ಹಾಕಬೇಕು. ಬ್ಯಾಕಪ್ ಕಾಯಿಲ್ ಇದ್ದರೆ ಅದರ ಎಂಸಿಬಿ ಆಫ್ ಮಾಡಿಯೇ ಹತ್ತಿ. ಮೇಲೆ ಸಣ್ಣ ಶಾಕ್ ಹೊಡೆದರೂ ಸಾಕು, ಆಯ ತಪ್ಪುತ್ತದೆ. ತೊಳೆದ ಖಾಲಿ ಟ್ಯೂಬ್‌ಗಳನ್ನು ಬಿಸಿಲಲ್ಲಿ ಬಿಟ್ಟು ಮಧ್ಯಾಹ್ನ ತಣ್ಣೀರು ಬಿಡಬೇಡಿ, ಕಾದ ಗಾಜು ಸಿಡಿಯುತ್ತದೆ. ಹೊತ್ತಾಗಿಬಿಟ್ಟಿದ್ದರೆ ಸಂಜೆ ತಣ್ಣಗಾದ ಮೇಲೆ ತುಂಬಿಸಿ.

ಇನ್ನು ಏಣಿ. ಎತ್ತರದ ಕಾಲು ಭಾಗದಷ್ಟು ಬುಡ ಗೋಡೆಯಿಂದ ದೂರ ಇರಬೇಕು. ಎಂಟು ಅಡಿ ಎತ್ತರಕ್ಕೆ ಎರಡು ಅಡಿ. ತುದಿ ಹತ್ತುವ ಜಾಗಕ್ಕಿಂತ ಮೂರು ಅಡಿ ಮೇಲೆ ಚಾಚಿರಬೇಕು, ಇಲ್ಲದಿದ್ದರೆ ಕಾಲು ಆಚೆ ಇಡುವಾಗ ಹಿಡಿಯಲು ಏನೂ ಸಿಗುವುದಿಲ್ಲ. ಅಲ್ಲೇ ಜಾಸ್ತಿ ಜನ ಬೀಳುವುದು. ಮೇಲುತುದಿಯನ್ನು ಹಗ್ಗದಿಂದ ಕಟ್ಟಿ, ಕೆಳಗೆ ಒಬ್ಬರು ಏಣಿ ಹಿಡಿದು ನಿಲ್ಲಿ. ಬುಡ ಜಾರುತ್ತದೆ ಅಂತ ಗೋಣಿಚೀಲ ಹಾಸುತ್ತಾರಲ್ಲ, ಆ ಚೀಲವೇ ಜಾರುತ್ತದೆ, ಬೇಡ. ಸ್ಪ್ಯಾನರ್, ಬ್ರಷ್ ಎಲ್ಲ ಬಕೆಟ್‌ಗೆ ಹಾಕಿ, ಮೇಲೆ ಹೋದ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ. ಹತ್ತುವಾಗ ಕೈ ಎರಡೂ ಖಾಲಿ ಇರಬೇಕು.

ನಿಜವಾದ ಪರಿಹಾರ ಬೇರೆಯೇ ಇದೆ. ಮೆಟ್ಟಿಲು ರೂಮಿನ ಮೇಲೆ ಬಹಳ ಮನೆಗಳಲ್ಲಿ ಪ್ಯಾರಾಪೆಟ್ ಕಟ್ಟಿರುವುದೇ ಇಲ್ಲ, ನಿಮ್ಮಲ್ಲೂ ಇಲ್ಲ ಅಂತ ಕಾಣುತ್ತದೆ. ವೆಲ್ಡಿಂಗ್‌ನವರಿಗೆ ಹೇಳಿ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಏಣಿ, ಮೇಲೆ ಸುತ್ತಲೂ ಸೊಂಟದೆತ್ತರದ ರೇಲಿಂಗ್ ಮಾಡಿಸಿಬಿಡಿ. ಒಂದು ಸಲದ ಖರ್ಚು. ಆಮೇಲೆ ಅಪ್ಪಾಜಿಗೆ ಹೇಳಿ: "ಪ್ಲಂಬರ್ ಹುಡುಗ ಹತ್ತಲಿ, ನೀವು ಕೆಳಗಿದ್ದು ಹೇಗೆ ಬಿಚ್ಚಬೇಕು ಅಂತ ತೋರಿಸಿ." ಅವರು ಒಪ್ಪುತ್ತಾರೆ, ನೋಡಿ. ಆ ಹುಡುಗನಿಗೂ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಅವನೂ ಒಬ್ಬರ ಮನೆಯ ಮಗ ಅಲ್ವಾ.

ಪ್ರಶ್ನೆ: ಚಿತ್ರದುರ್ಗದ ಹತ್ತಿರ ಹಳ್ಳಿಯಲ್ಲಿ ನಮ್ಮದು ಹಳೇ ಸಿಮೆಂಟ್ ಶೀಟಿನ ಮನೆ. ಗಾಳಿಗೆ ಶೀಟು ಪಟಪಟ ಅನ್ನುತ್ತದೆ. ಮೇಲೆ ಹತ್ತಿ ಬೋಲ್ಟ್ ಬಿಗಿ ಮಾಡಬಹುದಾ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಶೀಟಿನ ಮೇಲೆ ಮಾತ್ರ ಕಾಲಿಡಬೇಡಿ. ಹಳೇ ಶೀಟು ನೋಡಲು ಗಟ್ಟಿ, ತುಳಿದರೆ ಯಾವ ಸೂಚನೆಯೂ ಕೊಡದೆ ಒಡೆದು ನೇರ ಒಳಗೆ ಬೀಳಿಸುತ್ತದೆ. ಬೋಲ್ಟ್ ಸಾಲಿನ ಕೆಳಗೆ ತೊಲೆ ಇದೆ, ಅಲ್ಲಿ ನಡೆದರೆ ಆಯಿತು ಅನ್ನುವವರು ಇದ್ದಾರೆ. ಕಾಲು ನಾಲ್ಕು ಬೆರಳು ಪಕ್ಕಕ್ಕೆ ಹೋದರೆ ಮುಗಿಯಿತು. ಆದಷ್ಟೂ ಒಳಗಿನಿಂದ ಏಣಿ ಹಾಕಿ ಕೆಲಸ ಮಾಡಿ. ಮೇಲೆ ಹೋಗಲೇಬೇಕಾದರೆ ಎರಡು ಮೂರು ತೊಲೆಗಳ ಮೇಲೆ ಕೂರುವಂತೆ ಉದ್ದನೆಯ ದಪ್ಪ ಹಲಗೆ ಹಾಕಿ, ಅದು ಜಾರದಂತೆ ಕಟ್ಟಿ, ಅದರ ಮೇಲೇ ಓಡಾಡಬೇಕು. ಹಳೇ ಶೀಟಿನಲ್ಲಿ ಕಲ್ನಾರು ಇರುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಪಾಚಿ ಕೆರೆಯಬೇಡಿ, ಒಣ ಪೊರಕೆ ಆಡಿಸಬೇಡಿ.

ಆಷಾಢದ ಗಾಳಿಯಲ್ಲಂತೂ ಈ ಕೆಲಸ ಬೇಡವೇ ಬೇಡ. ನಿಮ್ಮ ಕಡೆ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಬಿಚ್ಚಿದ ಶೀಟು ಹಾಯಿಯ ಥರ ಗಾಳಿ ಹಿಡಿದು ನಿಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ಕಂಬದಿಂದ ಮನೆಗೆ ಬರುವ ವೈರ್ ಸೂರಿಗೆ ಹತ್ತಿರ ಇದ್ದರೆ ಅಲ್ಯೂಮಿನಿಯಂ ಏಣಿ ಅತ್ತ ತರಬೇಡಿ. 1912ಕ್ಕೆ ಫೋನ್ ಮಾಡಿ ಬೆಸ್ಕಾಂನವರಿಂದ ಲೈನ್ ಆಫ್ ಮಾಡಿಸಿಕೊಂಡೇ ಕೆಲಸ ಶುರು ಮಾಡಿ.

ಯಾರಾದರೂ ಬಿದ್ದರೆ, ಎತ್ತಿ ಕೂರಿಸಿ ನೀರು ಕುಡಿಸುವ ಅವಸರ ಬೇಡ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಎತ್ತಿದಾಗ ಇನ್ನಷ್ಟು ಕೆಡುತ್ತದೆ. ತಲೆ, ಕತ್ತು ಅಲ್ಲಾಡದಂತೆ ಹಿಡಿದುಕೊಂಡು, 108ಕ್ಕೆ ಫೋನ್ ಮಾಡಿ, ಅವರು ಬರುವವರೆಗೂ ಮಾತಾಡಿಸುತ್ತಾ ಪಕ್ಕದಲ್ಲೇ ಇರಿ.