ಎರಡು ಬಾಲ್ದಿ ನೀರಿನ ರಜೆ

ಪ್ರಶ್ನೆ: ಮಂಗಳೂರಿನ ಬಿಜೈಯ ಫ್ಲ್ಯಾಟಿನಲ್ಲಿ ಮೂರನೇ ಮಾಳಿಗೆ ನಮ್ಮದು. ಮಗನಿಗೆ 7 ವರ್ಷ, ಮಗಳಿಗೆ 4. ಗಂಡ ಮಸ್ಕತ್‌ನಲ್ಲಿದ್ದಾರೆ, ಅತ್ತೆ ನಮ್ಮೊಟ್ಟಿಗೆ. ಬೆಳಿಗ್ಗೆ 9ರಿಂದ 1ರವರೆಗೆ ನನಗೆ ಮನೆಯಿಂದಲೇ ಆಫೀಸ್ ಕೆಲಸ. ಪ್ರತಿ ವರ್ಷ ರಜೆ ಸಿಕ್ಕಿದ ಮರುದಿನವೇ ಕಾರ್ಕಳದ ಅಜ್ಜಿಮನೆಗೆ ಹೋಗುತ್ತಿದ್ದೆವು. ಈ ಸಲ ಅಮ್ಮನಿಗೆ ಮೊಣಗಂಟಿನ ಆಪರೇಷನ್ ಆಗಿದೆ, ಎರಡು ತಿಂಗಳು ಅಲ್ಲಿ ಕೂರುವ ಹಾಗಿಲ್ಲ. ಮಕ್ಕಳು ಎದ್ದವರೇ ಮೊಬೈಲ್ ಹಿಡಿಯುತ್ತಾರೆ, ಕಸಿದುಕೊಂಡರೆ ಪರಸ್ಪರ ಹೊಡೆದಾಡುತ್ತಾರೆ. ಬಾಲ್ಕನಿಯಲ್ಲಿ ನೀರಾಟಕ್ಕೆ ಬಿಟ್ಟರೆ ಅತ್ತೆ, "ಶೀತ ಆಗ್ತದೆ, ಟ್ಯಾಂಕರ್ ನೀರು ಅದು, ಬಿಟ್ಟಿ ಬಂದದ್ದಲ್ಲ" ಎನ್ನುತ್ತಾರೆ. ಗಂಡ ಫೋನಿನಲ್ಲಿ "ಮಕ್ಕಳ ಕೈಗೆ ಮೊಬೈಲ್ ಯಾಕೆ ಕೊಡ್ತಿ" ಎಂದಾಗ ಅಳು ಬರುತ್ತದೆ. ಅಕ್ಕಪಕ್ಕದ ಮಕ್ಕಳೆಲ್ಲ ಸಮ್ಮರ್ ಕ್ಯಾಂಪಿಗೆ ಹೋಗುತ್ತಿದ್ದಾರೆ. ಇಬ್ಬರ ಫೀಸು ಕಟ್ಟುವಷ್ಟು ದುಡ್ಡು ಈಗ ಇಲ್ಲ. ಸಾಲ ಮಾಡಿಯಾದರೂ ಸೇರಿಸಲೇ? ಅತ್ತೆಯನ್ನು ಹೇಗೆ ಒಪ್ಪಿಸಲಿ? ದಿನಕ್ಕೆ ಹತ್ತು ಸಲ ಕಿರುಚುತ್ತೇನೆ, ರಾತ್ರಿ ನನ್ನ ಮೇಲೆಯೇ ಬೇಸರ ಬರುತ್ತದೆ.
— ಅಜ್ಜಿಮನೆ ತಪ್ಪಿದವಳು, ಬಿಜೈ

ಉತ್ತರ: ಸಾಲ ಮಾಡಬೇಡಿ. 4 ವರ್ಷದವರು ಕ್ಯಾಂಪಿನಲ್ಲಿ ಮಾಡುವುದು ಮೂರು ಕೆಲಸ: ಬಣ್ಣ ಹಚ್ಚುವುದು, ಕಾಗದ ಮಡಚುವುದು, ಮನೆ ನೆನಪಾಗಿ ಅಳುವುದು. ಮೊದಲಿನ ಎರಡು ಮನೆಯಲ್ಲೇ ಆಗುತ್ತವೆ. ಮಗನ ಮಾತು ಸ್ವಲ್ಪ ಬೇರೆ. ಅವನಿಗೆಂದು ಒಂದಿಷ್ಟು ದುಡ್ಡು ತೆಗೆದಿಡಲು ಸಾಧ್ಯವಾದರೆ ಈಜು ಕಲಿಸಿ, ಉಳಿದದ್ದು ಏನೂ ಬೇಡ. ಕಡಲು, ಹೊಳೆ, ಬಾವಿ ಸುತ್ತಲೂ ಇರುವ ಊರಿನಲ್ಲಿ 7 ವರ್ಷದ ಹುಡುಗ ಕಲಿಯಬೇಕಾದ ವಿದ್ಯೆ ಅದು. ಸೇರಿಸುವ ಮೊದಲು ಒಂದು ದಿನ ಹೋಗಿ ನೋಡಿ. ಕಲಿಸುವವರು ನೀರಿಗೆ ಇಳಿದು ಕಲಿಸುತ್ತಾರೋ, ದಂಡೆಯಲ್ಲಿ ನಿಂತು ಸೀಟಿ ಊದುತ್ತಾರೋ? ಒಬ್ಬರ ಕೈಕೆಳಗೆ ಹೊಸಬರು ಎಷ್ಟು ಮಂದಿ? ಐದಾರಕ್ಕಿಂತ ಹೆಚ್ಚಿದ್ದರೆ ಬೇರೆ ಕಡೆ ವಿಚಾರಿಸಿ.

ಈಗ ಅತ್ತೆಯ ವಿಷಯ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಉಂಟು. ಅದನ್ನು ಮೊದಲು ಒಪ್ಪಿಕೊಂಡರೆ ಉಳಿದರ್ಧಕ್ಕೆ ಜಗಳವೇ ಬೇಕಾಗುವುದಿಲ್ಲ. ಟ್ಯಾಂಕರ್ ನೀರು ಬಿಟ್ಟಿಯಲ್ಲ ಎಂಬುದು ಸರಿ. ಬಾಲ್ಕನಿ ಬೇಡ ಎಂಬುದು ಅವರು ಹೇಳಿದ ಕಾರಣಕ್ಕಲ್ಲದಿದ್ದರೂ ಸರಿಯೇ: ಮೂರನೇ ಮಾಳಿಗೆಯ ಬಾಲ್ಕನಿಯಲ್ಲಿ ಮಗುಚಿ ಹಾಕಿದ ಬಾಲ್ದಿ ನಾಲ್ಕು ವರ್ಷದ ಮಗುವಿಗೆ ಏಣಿ. ಹತ್ತಿ ನಿಂತರೆ ಕಂಬಿ ಸೊಂಟಕ್ಕೆ ಬರುತ್ತದೆ. ಶೀತದ ಮಾತು ಮಾತ್ರ ಸರಿಯಲ್ಲ. ಶೀತ ಹರಡುವುದು ವೈರಸ್ಸಿನಿಂದ, ಬೇಸಿಗೆಯ ನಡು ಮಧ್ಯಾಹ್ನದ ನೀರಿನಿಂದಲ್ಲ. ಆದರೆ ಇದನ್ನು ಅವರ ಹತ್ತಿರ ವಾದಿಸಿ ಗೆಲ್ಲುವ ಅಗತ್ಯ ನಿಮಗಿಲ್ಲ. ನೀರಾಟವನ್ನು ಬಚ್ಚಲಿಗೆ ತನ್ನಿ, ಅದನ್ನೇ ಸ್ನಾನ ಮಾಡಿಬಿಡಿ.

ಹೇಗೆಂದರೆ: ಕೆಲಸ ಮುಗಿದ ಮೇಲೆ, 1 ಗಂಟೆಗೆ. 15 ಲೀಟರಿನ ಎರಡು ಬಾಲ್ದಿ ತುಂಬಿಸಿ ನಳ್ಳಿ ಬಂದ್ ಮಾಡಿ, ಗೀಸರ್ ಸ್ವಿಚ್ಚೂ ಆಫ್. ಇವತ್ತಿನ ನೀರು ಇಷ್ಟೇ, ಕೊನೆಗೆ ಮೈ ತೊಳೆಯಲಿಕ್ಕೂ ಇದರಲ್ಲೇ ಆಗಬೇಕು ಎಂದು ಮೊದಲೇ ಹೇಳಿ. ಮಕ್ಕಳು ಆಶ್ಚರ್ಯವಾಗುವಷ್ಟು ಜಿಪುಣರಾಗುತ್ತಾರೆ. ನೆಲಕ್ಕೆ ಹಳೆಯ ಗೋಣಿ ಹಾಸಿ, ಸೋಪು ಕೊನೆಯ ಐದು ನಿಮಿಷಕ್ಕೆ ಮಾತ್ರ. ಆಟದ ನಡುವೆ ಸೋಪು ಬಂದರೆ ಯಾರಾದರೂ ಜಾರುವುದು ಖಂಡಿತ. ನೀವು ಬಾಗಿಲಲ್ಲೇ ಸ್ಟೂಲು ಹಾಕಿ ಕೂರಬೇಕು. ಚಿಕ್ಕ ಮಗು ತಲೆಕೆಳಗಾಗಿ ಬಿದ್ದರೆ ಅರ್ಧ ಬಾಲ್ದಿ ನೀರೂ ಅಪಾಯ, ಫೋನ್ ಬಂತೆಂದು ಎದ್ದು ಹೋಗುವ ಹಾಗಿಲ್ಲ.

ಆಟದ ಸಾಮಾನಿಗೆ ಪೇಟೆಗೆ ಹೋಗಬೇಡಿ. ಮಗಳಿಗೆ ಎರಡು ತೆಂಗಿನ ಗೆರಟೆ, ಒಂದು ಜಾಲರಿ ಸೌಟು, ಒಂದು ಸ್ಪಂಜು ಸಾಕು. ಒಂದು ಬಾಲ್ದಿಯ ನೀರನ್ನು ಸ್ಪಂಜಿನಲ್ಲಿ ಹೀರಿ ಇನ್ನೊಂದಕ್ಕೆ ಹಿಂಡುವುದರಲ್ಲೇ ಇಪ್ಪತ್ತು ನಿಮಿಷ ಹೋಗುತ್ತದೆ. ಮಗನಿಗೆ ಒಂದು ಲೀಟರ್ ಬಾಟಲಿಯ ಬುಡದ ಹತ್ತಿರ ಸೂಜಿ ಕಾಯಿಸಿ ಒಂದೇ ಒಂದು ಸಣ್ಣ ತೂತು ಮಾಡಿಕೊಡಿ. ಮುಚ್ಚಳ ತೆರೆದರೆ ನೀರು ಚಿಮ್ಮುತ್ತದೆ, ಬಿಗಿಯಾಗಿ ತಿರುಗಿಸಿದರೆ ನಿಲ್ಲುತ್ತದೆ. ಅವನು ಇನ್ನೊಂದು ತೂತು ಮೇಲ್ಗಡೆ ಮಾಡು ಎಂದು ಹಠ ಹಿಡಿಯುವುದು ಗ್ಯಾರಂಟಿ. ಮಾಡಿಕೊಡಿ. ಆಗ ಮುಚ್ಚಳ ಹಾಕಿದರೂ ಕೆಳಗಿನದು ಸೋರುತ್ತದೆ. ಮೇಲಿನ ತೂತಿನಿಂದ ಗಾಳಿ ಒಳಗೆ ಹೋಗುತ್ತದೆ ಎಂಬುದನ್ನು ನೀವು ಹೇಳಬೇಡಿ, ಅವನೇ ಬೆರಳಿಟ್ಟು ಕಂಡುಕೊಳ್ಳಲಿ. ಮೂರನೇ ವಾರಕ್ಕೆ ಒಂದು ಮೀಟರ್ ಲೆವೆಲ್ ಪೈಪ್ ತನ್ನಿ, ಮೇಸ್ತ್ರಿಗಳು ಬಳಸುವ ಪಾರದರ್ಶಕ ಪೈಪು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪೈಪನ್ನು ಪೂರ್ತಿ ನೀರಿನೊಳಗೆ ಮುಳುಗಿಸಿ ತುಂಬಿಸಿ, ಎರಡೂ ತುದಿಗೆ ಹೆಬ್ಬೆರಳು ಒತ್ತಿ, ಒಂದು ತುದಿ ಸ್ಟೂಲಿನ ಮೇಲಿನ ಬಾಲ್ದಿಯ ನೀರೊಳಗೆ, ಇನ್ನೊಂದು ಕೆಳಗಿನ ಬಾಲ್ದಿಗೆ. ಹೆಬ್ಬೆರಳು ಬಿಟ್ಟರೆ ನೀರು ತಾನಾಗಿಯೇ ಏರಿ ಇಳಿಯುತ್ತದೆ. ಇಳಿಯದಿದ್ದರೆ ಪೈಪಿನ ನಡುವೆ ಗಾಳಿಗುಳ್ಳೆ ಉಳಿದಿದೆ ಎಂದು ಅರ್ಥ, ಇನ್ನೊಮ್ಮೆ ಮುಳುಗಿಸಿ.

ಮುಗಿದ ಮೇಲೆ ಬಾಲ್ದಿ ಬೋರಲು ಹಾಕಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆಯ ಮೊಟ್ಟೆ ಒಂದೆರಡು ವಾರದೊಳಗೆ ಸೊಳ್ಳೆಯಾಗುತ್ತದೆ. ತಲೆ ಒರೆಸುವ ಕೆಲಸ ಅತ್ತೆಯದ್ದು. ಅವರಿಗೆ ಸಮಾಧಾನವಾಗುವಷ್ಟು ಒರೆಸಲಿ. ಅವರು ಮೈಗೆ ಎಣ್ಣೆ ಹಚ್ಚಿಯೇ ತೀರುತ್ತೇನೆ ಎಂದರೆ ಸ್ನಾನಕ್ಕೆ ಮೊದಲು ಹಚ್ಚಲಿ, ತೊಳೆದು ಹೋಗಲಿ. ನಮ್ಮ ಕರಾವಳಿಯಲ್ಲಿ ಗಾಳಿಯಲ್ಲೇ ನೀರಿನಂಶ ಜಾಸ್ತಿ, ಬೆವರು ಆರುವುದಿಲ್ಲ. ಅದರ ಮೇಲೆ ಎಣ್ಣೆಯೋ ದಪ್ಪ ಪೌಡರೋ ಕೂತರೆ ಬೆವರಿನ ದಾರಿ ಮುಚ್ಚಿ ಬೆವರುಸಾಲೆ ಏಳುತ್ತದೆ. ಸಡಿಲವಾದ ಹತ್ತಿಬಟ್ಟೆ ಹಾಕಿ. ಗುಳ್ಳೆಯಲ್ಲಿ ಕೀವು ಕಂಡರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.

ಮೊಬೈಲನ್ನು ಒಂದೇ ದಿನ ಕಪಾಟಿಗೆ ಹಾಕಿ ಬೀಗ ಹಾಕುವುದು ಬೇಡ. ನಿಮ್ಮ ಕೆಲಸದ ನಡುವೆ ಅತ್ಯಂತ ಕಷ್ಟದ ಹೊತ್ತು ಯಾವುದು, ಮೀಟಿಂಗಿನದ್ದೇ? ಆ ಮುಕ್ಕಾಲು ಗಂಟೆ ಮೊಬೈಲಿಗೆ. ದಿನವೂ ಅದೇ ಹೊತ್ತು, ಬೆಳಿಗ್ಗೆ ಎದ್ದ ಕೂಡಲೇ ಅಲ್ಲ. 2ರಿಂದ 5 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳುತ್ತದೆ, ನೀವು ಅದರೊಳಗೇ ಇರುತ್ತೀರಿ. ಹಾಗಾಗಿ ಈ ಒಂದು ವಿಷಯಕ್ಕೆ ರಾತ್ರಿ ಅಳಬೇಕಾಗಿಲ್ಲ. ಮೊದಲ ಮೂರು ನಾಲ್ಕು ದಿನ ರಂಪಾಟ ಇರುತ್ತದೆ. ಹೊಡೆದಾಟ ಜಾಸ್ತಿಯೇ ಆಗುತ್ತದೆ, "ಬೋರ್" ಎಂದು ನೆಲದಲ್ಲಿ ಉರುಳುತ್ತಾರೆ. ಆಗ ಹೊಸ ಆಟ ಹುಡುಕಿಕೊಡಲು ಓಡಬೇಡಿ, ಉರುಳಲಿ. ಹೆಚ್ಚಿನವರು ಎಡವುವುದು ಇಲ್ಲೇ: ಎರಡನೇ ದಿನದ ಗಲಾಟೆಗೆ ಸೋತು ಮೊಬೈಲ್ ಕೊಟ್ಟರೆ, ಎಷ್ಟು ಕಿರುಚಿದರೆ ಸಿಗುತ್ತದೆ ಎಂಬ ಲೆಕ್ಕ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ಉಳಿದ ಬೆಳಗು ಅತ್ತೆಯದ್ದು. ಆದರೆ "ಮಕ್ಕಳನ್ನು ನೋಡಿಕೊಳ್ಳಿ" ಎನ್ನಬೇಡಿ, ಅದು ಕಾವಲು ಕೆಲಸ. ಅದನ್ನು ಕೊಟ್ಟರೆ ಅವರು ಬೈಯುವುದೇ ಮಾಡುತ್ತಾರೆ. "ಹಲಸಿನ ಹಪ್ಪಳ ಮಾಡುವುದು ಇವರಿಗೆ ಕಲಿಸ್ತೀರಾ ಅತ್ತೆ?" ಎಂದು ಕೇಳಿ. ಬೆಳೆದ, ಆದರೆ ಸಿಹಿ ಏರದ ಕಾಯಿ ಬೇಕು. ಸಿಹಿ ಬಂದ ಕಾಯಿಯದ್ದಾದರೆ ಕರಿಯುವಾಗ ಬೇಗ ಕಪ್ಪಾಗುತ್ತದೆ, ಗರಿಗರಿಯೂ ಆಗುವುದಿಲ್ಲ. ಒಂದು ಕಿಲೋ ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಎರಡು ಚಮಚ ಉಪ್ಪು, ಏಳೆಂಟು ಒಣಮೆಣಸು ಹಾಕಿ ನೀರು ಸೋಕಿಸದೆ ರುಬ್ಬುವುದು. ನೀರು ಹಾಕಿದರೆ ಒಣಗಲು ದಿನ ಹಿಡಿದು ಬೂಸ್ಟು ಬರುತ್ತದೆ. ಬೇಯಿಸುವುದು, ರುಬ್ಬುವುದು ದೊಡ್ಡವರದ್ದು. ಹಿಟ್ಟು ತಣಿದ ಮೇಲೆ ಮಗ ಸಣ್ಣ ಲಿಂಬೆಯಷ್ಟು ಉಂಡೆ ಕಟ್ಟಲಿ. ಮಗಳು ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಮೇಲೊಂದು ತಟ್ಟೆ ಹಾಕಿ ಒತ್ತಲಿ. ನಲವತ್ತರ ಹತ್ತಿರ ಆಗುತ್ತದೆ, ಅರ್ಧದಷ್ಟು ಅಮೆರಿಕದ ನಕಾಶೆಯಂತಿರುತ್ತದೆ. ಹರಿದ ಅಂಚು ಕರಿದರೆ ರುಚಿಯೇ. ಟೆರೇಸಿನಲ್ಲಿ ಎರಡು ಮೂರು ಬಿಸಿಲು ಬೇಕು. ಮೇ ತಿಂಗಳ ಸಂಜೆ ಗುಡುಗಿದರೆ ಹಪ್ಪಳ ತರಲು ಮಕ್ಕಳನ್ನು ಓಡಿಸಬೇಡಿ, ಮಿಂಚಿನ ಹೊತ್ತಿಗೆ ಟೆರೇಸಿಗೆ ದೊಡ್ಡವರೂ ಹೋಗಬಾರದು. 4 ಗಂಟೆಗೇ ಎತ್ತಿಟ್ಟುಬಿಡಿ.

ಟೆರೇಸ್ ಎಂದಾಗ ಒಂದು ಮಾತು: ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ 12:28ರ ಹೊತ್ತಿಗೆ ಮಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಬಾಟಲಿಗೆ ನೆರಳೇ ಇರುವುದಿಲ್ಲ. ಆಫೀಸಿಗೆ ಹತ್ತು ನಿಮಿಷ ಬ್ರೇಕ್ ಹೇಳಿ ಕರೆದುಕೊಂಡು ಹೋಗಿ. ಕಾಲಿಗೆ ಚಪ್ಪಲಿ ಇರಲಿ, ಆ ಹೊತ್ತಿನ ಸಿಮೆಂಟು ಅಂಗಾಲು ಸುಡುತ್ತದೆ.

ಹಪ್ಪಳ ದಿನವೂ ಆಗುವುದಿಲ್ಲವಲ್ಲ. ಮತ್ತೆ ಚೆನ್ನೆಮಣೆ ಉಂಟು, ಗುಳಿಗಳಲ್ಲಿ ಕಾಯಿ ಹಂಚುತ್ತಾ ಆಡುವ ಮಣೆಯಾಟ. ಅತ್ತೆ "ಅದು ಮಳೆಗಾಲದ ಆಟಿ ತಿಂಗಳಲ್ಲಿ ಆಡುವುದು" ಎಂದರೆ ಮಣೆ ತೆಗೆಯುವುದು ಬೇಡ, ನೆಲದಲ್ಲಿ ಸೀಮೆಸುಣ್ಣದಿಂದ ಏಳೇಳರಂತೆ ಎರಡು ಸಾಲು ವೃತ್ತ ಬರೆದರಾಯಿತು. ಒಂದೊಂದಕ್ಕೆ ನಾಲ್ಕು ಕಾಯಿ, ಒಟ್ಟು 56. ಮಂಜೊಟ್ಟಿ ಬೀಜ ಸಿಗದಿದ್ದರೆ ಹುಣಸೆಬೀಜ ಹಾಕಿ. ಕೆಂಪು ಮೈಗೆ ಕಪ್ಪು ಚುಕ್ಕೆ ಇರುವ ಗುಲಗಂಜಿ ಮಾತ್ರ ಮನೆಗೆ ತರಲೇಬೇಡಿ, ಜಗಿದು ನುಂಗಿದರೆ ಅದು ಕಡು ವಿಷ. ಚಿಕ್ಕವಳಿಗೆ ಆಟದ ನಿಯಮ ತಲೆಗೆ ಹೋಗುವುದಿಲ್ಲ, ಗುಳಿಗೆ ನಾಲ್ಕರಂತೆ ಹಂಚುವ ಕೆಲಸ ಅವಳಿಗೆ ಕೊಡಿ. ಇಬ್ಬರಿಗೂ ಒಂದೇ ಕೆಲಸ ಕೊಟ್ಟಾಗ ಜಗಳ, ಬೇರೆ ಬೇರೆ ಕೊಟ್ಟಾಗ ಕಡಿಮೆ. ಹಪ್ಪಳದಲ್ಲೂ ಇದೇ.

ಐಸ್ ಕ್ಯಾಂಡಿಯನ್ನು ಮನೆಯಲ್ಲೇ ಮಾಡಿ. ಹದಿನೈದು ಪುನರ್ಪುಳಿ (ಕೋಕಂ) ಸಿಪ್ಪೆ ಎರಡು ಲೋಟ ನೀರಿನಲ್ಲಿ ಎರಡು ಗಂಟೆ ನೆನೆಸಿ ಹಿಸುಕಿ ಸೋಸಿ. ಪಾತ್ರೆ ಸ್ಟೀಲಿನದ್ದಾಗಲಿ, ಹುಳಿಗೆ ಅಲ್ಯೂಮಿನಿಯಂ ಆಗದು. ಐದು ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು. ಸಕ್ಕರೆ ತೀರಾ ಕಡಿಮೆ ಮಾಡಿದರೆ ಹಲ್ಲು ಹೋಗುವಷ್ಟು ಗಟ್ಟಿಯಾಗುತ್ತದೆ, ದುಪ್ಪಟ್ಟು ಹಾಕಿದರೆ ಮೆತ್ತಗೇ ಉಳಿಯುತ್ತದೆ. ಸಣ್ಣ ಸ್ಟೀಲ್ ಲೋಟಕ್ಕೆ ಹೊಯ್ಯಿರಿ, ಒಂದು ಬೆರಳು ಜಾಗ ಬಿಡಿ, ಹೆಪ್ಪುಗಟ್ಟುವಾಗ ನೀರು ಉಬ್ಬುತ್ತದೆ. ಕಡ್ಡಿಯನ್ನು ಮೊದಲೇ ಹಾಕಿದರೆ ವಾಲುತ್ತದೆ. ಒಂದೂವರೆ ಗಂಟೆ ಬಿಟ್ಟು, ಮೇಲೆ ಕೆನೆಕಟ್ಟಿದ ಹಾಗೆ ಆದಾಗ ಚುಚ್ಚಿ. ರಾತ್ರಿಯಿಡೀ ಇಟ್ಟು, ತೆಗೆಯುವಾಗ ಲೋಟವನ್ನು ಹತ್ತು ಸೆಕೆಂಡು ನೀರಲ್ಲಿ ಅದ್ದಿ. ಮೊದಲ ಕ್ಯಾಂಡಿ ಅತ್ತೆಗೆ. ಶೀತದ ಮಾತು ಆ ದಿನಕ್ಕೆ ಬರುವುದಿಲ್ಲ.

ಸಂಜೆ ಐದರ ಮೇಲೆ ಹೊರಗೆ ಬಿಡಿ. ವಾರಕ್ಕೆ ನಾಲ್ಕು ದಿನ ಕೆಳಗಿನ ಅಂಗಳವೋ ಕದ್ರಿ ಪಾರ್ಕೋ ಸಾಕು, ಒಂದು ದಿನ ಪಣಂಬೂರಿನದ್ದೋ ತಣ್ಣೀರುಬಾವಿಯದ್ದೋ ಕಡಲ ತೀರಕ್ಕೆ. ಮೇಯಲ್ಲಿ ಸೂರ್ಯ ಮುಳುಗುವುದು 6:45ರ ಸುಮಾರಿಗೆ, ಒಂದೂವರೆ ಗಂಟೆ ಸಿಗುತ್ತದೆ. ಮಗಳು ಕಾಲುಗಂಟು ಮುಳುಗುವಷ್ಟು ಮಾತ್ರ, ಅದೂ ಕೈ ಹಿಡಿದು. ಮರಳಿನ ಗೋಪುರ ಕುಸಿಯುತ್ತಿದ್ದರೆ ಮುಷ್ಟಿಯಲ್ಲಿ ಹಿಡಿದು ನೋಡಿ: ಬೆರಳಿನ ಗುರುತು ನಿಲ್ಲಬೇಕು, ನೀರು ಒಸರಬಾರದು. ಮೇ ಕೊನೆಗೆ ಕಡಲಿನ ಬಣ್ಣ ತಿರುಗಿ ಅಲೆ ಏಳತೊಡಗಿತೆಂದರೆ ಆ ವರ್ಷದ ಕಡಲಾಟ ಮುಗಿಯಿತು.

ಫೋನಿನಲ್ಲಿ ಪ್ರಶ್ನೆ ಕೇಳುವ ಗಂಡನಿಗೂ ಒಂದು ಪಾಳಿ ಕೊಡಿ. ಒಮಾನ್‌ನಲ್ಲಿ ಶುಕ್ರವಾರ ರಜೆ, ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಶುಕ್ರವಾರ ನಮ್ಮ 11 ಗಂಟೆಗೆ ಅವರಿಗೆ ಒಂಬತ್ತೂವರೆ. ಅರ್ಧ ಗಂಟೆ ವಿಡಿಯೊದಲ್ಲಿ ಅವರು ಕಥೆ ಹೇಳಲಿ, ಮಗ ಬಾಟಲಿಯ ತೂತು ತೋರಿಸಲಿ. ಆ ದಿನದ ಮೊಬೈಲ್ ಹೊತ್ತು ಅಷ್ಟು ಅದಕ್ಕೇ.

ಇನ್ನೊಂದು. ಪತ್ರದ ತುಂಬ ಮಕ್ಕಳ ರಜೆಯದ್ದೇ ಮಾತು, ಸಹಿ ಮಾಡುವಾಗ "ತಪ್ಪಿದವಳು" ಎಂದಿದ್ದೀರಿ. ತವರಲ್ಲಿ ಎರಡು ತಿಂಗಳು ಯಾರೋ ಬಡಿಸಿದ್ದನ್ನು ಉಂಡು ಮಲಗುತ್ತಿದ್ದ ನಿಮ್ಮ ರಜೆಯೂ ಈ ಸಲ ಹೋಗಿದೆ. ಕಿರುಚಾಟದಲ್ಲಿ ಅದರದ್ದೂ ಒಂದು ಪಾಲು ಇರಬೇಕು. ಎರಡು ತಿಂಗಳು ಆಗದಿದ್ದರೆ ಎರಡು ದಿನ ಆಗಬಹುದಲ್ಲ? ಕಾರ್ಕಳ 50 ಕಿಲೋಮೀಟರ್. ಶನಿವಾರ ಬೆಳಿಗ್ಗೆ ಹೊರಡಿ, ಎರಡು ಹೊತ್ತಿನ ಅಡುಗೆ ಕಟ್ಟಿಕೊಂಡೇ ಹೋಗಿ. ಅಮ್ಮ ಏಳುವುದು ಬೇಡ, ನೀವು ಅವರ ಮಂಚದ ಪಕ್ಕ ಚಾಪೆ ಹಾಕಿ ಮಲಗಿ. ಮಕ್ಕಳು ತೋಟದಲ್ಲಿ ಇರಲಿ, ಬಾವಿಕಟ್ಟೆಯ ಹತ್ತಿರ ಯಾರಾದರೂ ದೊಡ್ಡವರು ನಿಂತಿದ್ದರಾಯಿತು.

ಬರುವಾಗ ಅಡಿಕೆ ಹಾಳೆ ತನ್ನಿ, ಫ್ಲ್ಯಾಟಿನ ಕೆಳಗೆ ಹಾಳೆಬಂಡಿ ಎಳೆಯಬಹುದು. ಆಗಷ್ಟೇ ಬಿದ್ದ, ಸೀಳು ಬಿಡದ ಹಾಳೆ ನೋಡಿ ಆರಿಸಿ, ಎಲೆ ಕತ್ತರಿಸಿ ಎಳೆಯಲು ಒಂದು ಮಾರು ದಂಟು ಉಳಿಸಿಕೊಳ್ಳಿ. ಒಣಗಿದ್ದರೆ ಅರ್ಧ ಗಂಟೆ ನೆನೆಸಿ, ಇಲ್ಲದಿದ್ದರೆ ಕೂತ ಕೂಡಲೇ ಸೀಳುತ್ತದೆ. ಮಗಳು ಕೂರಲಿ, ಮಗ ಎಳೆಯಲಿ. ಪಾರ್ಕಿಂಗಿನ ಸಿಮೆಂಟಿಗೆ ಒಂದು ಹಾಳೆ ಒಂದು ಸಂಜೆ ಬಾಳುವುದೇ ಕಷ್ಟ, ಆರು ತನ್ನಿ.