ಯಕ್ಷಗಾನ ಕಲಾವಿದರಿಗೆ ಕಾಗದ ಬರೆದು ಹಸ್ತಾಕ್ಷರ ಕೇಳುವುದು ಹೇಗೆ?

ನೀವು ಕಾಸರಗೋಡಿನವರು, ಮೆಚ್ಚಿನ ವೇಷಧಾರಿಗೆ ಜನವರಿಯಲ್ಲಿ ಫೋಟೋ ಕಳಿಸಿ ಹಸ್ತಾಕ್ಷರ ಕೇಳಿದಿರಿ, ಉತ್ತರ ಬಂದಿಲ್ಲ, ಕೇಳಿದ ರೀತಿ ತಪ್ಪಾಯಿತೇ ಎಂಬುದು ನಿಮ್ಮ ಪ್ರಶ್ನೆ. ರೀತಿಗಿಂತ ಕಾಲ ತಪ್ಪಿರಬೇಕು ಎಂದು ನನ್ನ ಅಂದಾಜು. ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟ ಮೇಳಕ್ಕೆ, ಅಂದರೆ ಯಕ್ಷಗಾನ ತಂಡಕ್ಕೆ, ತಿರುಗಾಟ ಮುಗಿಯುವ ಪತ್ತನಾಜೆಯ ತನಕ (ಮೇ 24ರ ಆಸುಪಾಸಿನವರೆಗೆ) ದಿನಕ್ಕೊಂದು ಊರು. ಮನೆಗೆ ಬಂದ ಕಾಗದ ಯಾರದೋ ಮೇಜಿನ ಮೇಲೆ ಉಳಿಯುತ್ತದೆ.

ಕಲಾವಿದರೇ ತಮ್ಮ ವಿಳಾಸವನ್ನು ಬಹಿರಂಗವಾಗಿ ಕೊಟ್ಟಿದ್ದರೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬರೆಯಿರಿ. ಮಳೆಗಾಲದಲ್ಲೂ ಮುಂಬಯಿ, ಬೆಂಗಳೂರು ಎಂದು ಆಟಕ್ಕೆ (ಯಕ್ಷಗಾನ ಪ್ರದರ್ಶನಕ್ಕೆ), ವೇಷವಿಲ್ಲದೆ ಕುಳಿತು ಮಾತಿನಲ್ಲಿ ನಡೆಸುವ ತಾಳಮದ್ದಳೆಗೆ ಹೋಗುತ್ತಾರೆ, ಆದರೆ ನಡುನಡುವೆ ಮನೆಗೆ ಬರುತ್ತಾರೆ. ವಿಳಾಸ ಗೊತ್ತಿಲ್ಲದಿದ್ದರೆ ಅವರಿವರಲ್ಲಿ ಕೇಳಿ ಪತ್ತೆಹಚ್ಚಬೇಡಿ. ಮೇಳ ನಡೆಸುವ ದೇವಸ್ಥಾನದ ವಿಳಾಸಕ್ಕೆ, ತಿರುಗಾಟ ಶುರುವಾಗುವ ಎರಡು ವಾರ ಮೊದಲು ತಲುಪುವಂತೆ ಕಳಿಸಿ. ಮೊದಲ ಸೇವೆಯಾಟಕ್ಕೆ ಎಲ್ಲರೂ ಅಲ್ಲಿ ಸೇರುತ್ತಾರೆ. ಕಟೀಲಿನಂತೆ ಒಂದೇ ಕ್ಷೇತ್ರದಿಂದ ಹಲವು ಮೇಳ ಹೊರಡುವಲ್ಲಿ ಎಷ್ಟನೇ ಮೇಳ ಎಂಬುದನ್ನು ಬರೆಯಲೇಬೇಕು. ಕಲಾವಿದರು ಮೇಳ ಬದಲಿಸುವುದೂ ಉಂಟು, ಆ ವರ್ಷದ ಪಟ್ಟಿ ನೋಡಿಕೊಳ್ಳಿ.

ಉತ್ತರ ಬರುವುದು, ಬಾರದಿರುವುದು ಹೆಚ್ಚಾಗಿ ನಿಂತಿರುವುದು ಮರಳಿ ಬರುವ ಕವರಿನ ಮೇಲೆ. ಕಲಾವಿದರು ಕವರು, ಸ್ಟಾಂಪು ಹುಡುಕುವಂತಾಗಬಾರದು. ನಿಮ್ಮ ವಿಳಾಸ ಬರೆದು, ಸ್ಟಾಂಪು ಅಂಟಿಸಿದ ಕವರನ್ನು ಒಂದೇ ಮಡಿಕೆ ಮಾಡಿ ಒಳಗಿಡಿ. ಆ ವಿಳಾಸವನ್ನು ಕನ್ನಡದಲ್ಲಿ ಮಾತ್ರ ಬರೆಯಬೇಡಿ, ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಕೂಡ ಇರಲಿ. ಕಾಗದ ಕೇರಳದ ಅಂಚೆಯವರ ಕೈಗೆ ಬರುವುದು, ಎಲ್ಲರಿಗೂ ಕನ್ನಡ ಓದಲು ಬರುತ್ತದೆಂದು ನಂಬುವಂತಿಲ್ಲ. ಪಿನ್‌ಕೋಡ್ ಸ್ಪಷ್ಟವಾಗಿರಲಿ, ಕಾಸರಗೋಡು ಪೇಟೆಗೆ 671121.

ಸಾದಾ ಅಂಚೆಗೆ 20 ಗ್ರಾಂವರೆಗೆ 5 ರೂಪಾಯಿ, ಮುಂದಿನ ಪ್ರತಿ 20 ಗ್ರಾಂಗೆ ಇನ್ನೊಂದು 5. ಎ4 ಹಾಳೆಯೊಂದು ಸುಮಾರು 5 ಗ್ರಾಂ, 4×6 ಇಂಚಿನ ಫೋಟೋ 4 ಗ್ರಾಂ, ಎರಡು ಕವರು ಸೇರಿ 10 ಗ್ರಾಂ. ಫೋಟೋ ಬಾಗದಂತೆ ಒಂದು ರಟ್ಟು ಇಟ್ಟರೆ 20 ದಾಟಿತು. ಹಾಗಾಗಿ ಹೋಗುವ ಕವರಿಗೆ 10 ರೂಪಾಯಿಯ ಸ್ಟಾಂಪು ಹಚ್ಚಿ, ಬರುವ ಕವರಿಗೆ 5 ಸಾಕು. ಸ್ಟಾಂಪು ಕಡಿಮೆಯಾದರೆ ಕೊರತೆಯ ಎರಡರಷ್ಟನ್ನು ಪಡೆಯುವವರಿಂದ ವಸೂಲು ಮಾಡುತ್ತಾರೆ. ಕೇಳುವುದು ಸಹಿ, ಕೊಡಿಸುವುದು ದಂಡ ಎಂದಾದರೆ ಕಾಗದದಲ್ಲಿ ಎಷ್ಟು ವಿನಯ ತೋರಿಸಿ ಏನು ಫಲ? ಮಳೆಗಾಲಕ್ಕೆ ವಿಳಾಸವನ್ನು ಬಾಲ್‌ಪೆನ್ನಿನಲ್ಲೇ ಬರೆಯಿರಿ, ಜೆಲ್ ಪೆನ್ನಿನ ಮಸಿ ಹರಡುತ್ತದೆ. ಫೋಟೋವನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಹಾಕಿ.

ಖಾಲಿ ಬಿಳಿ ಹಾಳೆ ಕಳಿಸಿ ಸಹಿ ಕೇಳಲೇಬೇಡಿ. ಸಹಿಯ ಮೇಲ್ಗಡೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು, ಹಿಂಜರಿಯುವುದು ಸಹಜ. ಅವರದೇ ವೇಷದ ಫೋಟೋ ಎರಡು ಪ್ರತಿ ಕಳಿಸಿ, ಒಂದು ಸಹಿಗೆ, ಒಂದು ಅವರಿಗೆ. ರಂಗಸ್ಥಳದ ಫೋಟೋಗಳಲ್ಲಿ ಹಿನ್ನೆಲೆ ಕಪ್ಪಾಗಿರುವುದೇ ಹೆಚ್ಚು, ಅಲ್ಲಿ ಕಪ್ಪು ಮಾರ್ಕರ್ ಕಾಣುವುದಿಲ್ಲ. ಕೆಳಗೆ ತಿಳಿ ಬಣ್ಣದ ಜಾಗವಿರುವ ಚಿತ್ರ ಆರಿಸಿ, ಇಲ್ಲವೇ ಬಿಳಿ ಅಂಚು ಬಿಟ್ಟು ಪ್ರಿಂಟ್ ಹಾಕಿಸಿ. ಮಿರುಗುವ ಕಾಗದದಲ್ಲಿ ಬಾಲ್‌ಪೆನ್ ಜಾರುತ್ತದೆ, ಮ್ಯಾಟ್ ಒಳ್ಳೆಯದು. ಮನೆಯ ಇಂಕ್‌ಜೆಟ್ ಪ್ರಿಂಟಿಗೆ ತೇವ ತಾಗಿದರೆ ಬಣ್ಣ ಕದಡುತ್ತದೆ, ಸ್ಟುಡಿಯೋದಲ್ಲೇ ಮಾಡಿಸಿ. ಎರಡು ಪ್ರತಿ ಎಂದರೆ ಇನ್ನೂ 4 ಗ್ರಾಂ, 10 ರೂಪಾಯಿಯೊಳಗೇ ಬರುತ್ತದೆ. ಐದಾರು ಫೋಟೋಗೆ ಸಹಿ ಕೇಳಿದರೆ ಮಾರುವವರೇನೋ ಎಂಬ ಸಂಶಯ ಬರುತ್ತದೆ.

ಕಾಗದ ಅರ್ಧ ಪುಟ ಮೀರದಿರಲಿ. ‘ನಿಮ್ಮ ಪಾತ್ರ ಅದ್ಭುತ’ ಎಂಬ ಮಾತು ಅವರಿಗೆ ದಿನವೂ ಸಿಗುವಂಥದ್ದು. ಯಾವ ಪ್ರಸಂಗ, ಎಲ್ಲಿ, ಏನು ಹಿಡಿಸಿತು ಎಂದು ಬರೆಯಿರಿ. ಹೀಗೆ:

‘ಮಾನ್ಯರೇ, ನಮಸ್ಕಾರ. ಡಿಸೆಂಬರಿನಲ್ಲಿ ಕುಂಬಳೆಯ ಆಟದಲ್ಲಿ ದೇವೀಮಹಾತ್ಮೆಯ ನಿಮ್ಮ ಮಹಿಷಾಸುರನನ್ನು ನೋಡಿದೆ. ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿನಿಂದ ಬರುವಾಗ ನೀವು ಅಟ್ಟಹಾಸವನ್ನು ತಡೆದು ತಡೆದು ಕೊಟ್ಟದ್ದು ಇನ್ನೂ ಕಿವಿಯಲ್ಲಿದೆ. ಜೊತೆಗಿರುವ ಫೋಟೋಗಳಲ್ಲಿ ಒಂದಕ್ಕೆ ನಿಮ್ಮ ಹಸ್ತಾಕ್ಷರ ಹಾಕಿ, ಒಳಗಿರುವ ಕವರಿನಲ್ಲಿ ಕಳಿಸಿದರೆ ಉಪಕಾರವಾಗುತ್ತದೆ. ಇನ್ನೊಂದು ನಿಮಗಾಗಿ. ಬಿಡುವಾದಾಗ ಸಾಕು.’

ಕೆಳಗೆ ನಿಮ್ಮ ಹೆಸರನ್ನು ಬಿಡಿಸಿ ಬರೆಯಿರಿ, ಅವರು ಹೆಸರು ಹಾಕಿ ಸಹಿ ಮಾಡುವುದಾದರೆ ಅಕ್ಷರ ತಪ್ಪಬಾರದು. ಸ್ತ್ರೀವೇಷದವರಿಗೆ ಪಾತ್ರದ ಹೆಸರಿನಿಂದ ಸಂಬೋಧಿಸುವ ಚೇಷ್ಟೆ ಬೇಡ. ಹಿಮ್ಮೇಳದವರಿಗೂ ಬರೆಯಬಹುದು. ಚೆಂಡೆ, ಮದ್ದಳೆಯವರಿಗೆ ಇಂಥ ಕಾಗದ ಬರುವುದು ಅಪರೂಪ ಎಂದೇ ನನ್ನ ಊಹೆ.

ಎರಡು ತಿಂಗಳಾದರೂ ಬಾರದಿದ್ದರೆ ಒಂದೇ ಒಂದು ನೆನಪೋಲೆ, 50 ಪೈಸೆಯ ಕಾರ್ಡಿನಲ್ಲಿ. ಆಮೇಲೆ ಬಿಡಿ. ಕರಪತ್ರದಲ್ಲಿರುವ ಫೋನ್ ನಂಬರು ಆಟ ಗೊತ್ತುಮಾಡುವವರಿಗಾಗಿ, ಹಸ್ತಾಕ್ಷರಕ್ಕೆ ಅಲ್ಲಿ ಪೀಡಿಸಬೇಡಿ. ಮೇಳ ನಿಮ್ಮೂರಿಗೇ ಬಂದರೆ ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಕೇಳಬಹುದು, ಆದರೆ ಬಣ್ಣ ಹಚ್ಚುತ್ತಿರುವಾಗ ಅಲ್ಲ. ವೇಷ ಕಳಚಿ ಮುಖ ತೊಳೆದ ಮೇಲೆ, ಪೆನ್ನಿನ ಮುಚ್ಚಳ ತೆಗೆದೇ ಕೊಡಿ.